ತುಳಿಯುವ ಅಡ್ಡ ಡ್ರಿಲ್ಲಿಂಗ್ ಮಷೀನು ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಕೂರಿಗೆಯ ದಿಂಡು, ತೊಟ್ಟಿಲ ಕಾಲು, ಮಗ್ಗದ ಚೌಕಟ್ಟು, ಮಂಚದ ಪಟ್ಟಿ. ಇಂಥ ಉದ್ದನೆಯ ಕಟ್ಟಿಗೆಯ ತಲೆಗೆ ನೇರ ತೂತು ಹಾಕಬೇಕಾದರೆ ನಿಂತ ಡ್ರಿಲ್ಲಿಂಗ್ ಮಷೀನು ಉಪಯೋಗಕ್ಕೆ ಬರುವುದಿಲ್ಲ. ನಾಲ್ಕಡಿ ತುಂಡನ್ನು ಅದರ ಕೆಳಗೆ ನಿಲ್ಲಿಸಲು ಜಾಗವೇ ಇರುವುದಿಲ್ಲ, ಅಲ್ವಾ? ಅಡ್ಡ ಮಷೀನಿನಲ್ಲಿ ತುಂಡನ್ನು ಟೇಬಲ್ ಮೇಲೆ ಮಲಗಿಸಿ, ತೂತು ಕೊರೆಯುವ ಬಿಟ್ ಕಡೆಗೆ ತಳ್ಳಿದರೆ ಆಯಿತು. ಕಾಲಿನಿಂದ ತುಳಿಯುವಂಥದ್ದಾದರೆ ಕರೆಂಟಿನ ಹಾದಿ ಕಾಯಬೇಕಿಲ್ಲ. ಮುಂಗಾರು ಬಿತ್ತನೆಗೆ ಮುಂಚೆ ಕೂರಿಗೆ ರಿಪೇರಿಗಳು ಒಟ್ಟಿಗೇ ಬಂದು ಬೀಳುವ ಊರುಗಳಲ್ಲಿ ಇದು ದೊಡ್ಡ ಅನುಕೂಲ.

ಇದರ ರಚನೆ ಸರಳ. ಕೆಳಗೆ ಪೆಡಲ್. ಪೆಡಲಿನಿಂದ ಮೇಲೆದ್ದ ಸರಳು ಕ್ರ್ಯಾಂಕನ್ನು ತಿರುಗಿಸುತ್ತದೆ. ಕ್ರ್ಯಾಂಕಿನ ಶಾಫ್ಟ್ ಮೇಲೆ ಭಾರದ ದೊಡ್ಡ ಗಾಲಿ, ಅಂದರೆ ಫ್ಲೈವೀಲ್. ಇಲ್ಲಿಯವರೆಗೆ ಹೊಲಿಗೆ ಮಷೀನಿನಂತೆಯೇ. ದೊಡ್ಡ ಗಾಲಿಯಿಂದ ಬೆಲ್ಟ್ ಸಣ್ಣ ಪುಲ್ಲಿಗೆ ಹೋಗುತ್ತದೆ. ಆ ಪುಲ್ಲಿ ಇರುವ ಸ್ಪಿಂಡಲ್ ಎರಡು ಬೇರಿಂಗ್‌ಗಳಲ್ಲಿ ತಿರುಗುತ್ತದೆ. ಅದರ ತುದಿಗೆ ಬಿಟ್ ಹಿಡಿಯುವ ಚಕ್. ಚಕ್ ಎದುರಿಗೆ ಹಳಿಗಳ ಮೇಲೆ ಸರಿದಾಡುವ ಟೇಬಲ್.

ಗಾಲಿ 600 ಮಿ.ಮೀ., ಪುಲ್ಲಿ 75 ಮಿ.ಮೀ. ಇದ್ದರೆ ಗಾಲಿಯ ಒಂದು ಸುತ್ತಿಗೆ ಬಿಟ್ ಎಂಟು ಸುತ್ತು ತಿರುಗುತ್ತದೆ. ನಿಮಿಷಕ್ಕೆ 75 ಸಲ ತುಳಿದರೆ 600 ಸುತ್ತು. 10–12 ಮಿ.ಮೀ. ಬಿಟ್‌ಗೆ ಇದು ಹಿತವಾದ ವೇಗ. 25 ಮಿ.ಮೀ. ಬಿಟ್ ಹಾಕುವಾಗ 150 ಮಿ.ಮೀ. ಪುಲ್ಲಿ ಬೇಕು. ಸುತ್ತು 300ಕ್ಕೆ ಇಳಿಯುತ್ತದೆ, ತಿರುಚುವ ಬಲ ಎರಡು ಪಟ್ಟಾಗುತ್ತದೆ.

ಒಂದು ಮಾತು ತಲೆಯಲ್ಲಿರಲಿ. ಆರೋಗ್ಯವಂತ ಮನುಷ್ಯ ಬಹಳ ಹೊತ್ತು ತುಳಿಯುತ್ತ ಕೊಡಬಲ್ಲ ಶಕ್ತಿ ಸುಮಾರು 75 ವ್ಯಾಟ್. ಅರ್ಧ ಎಚ್‌ಪಿ ಮೋಟರ್ ಅಂದರೆ 373 ವ್ಯಾಟ್. ಮೋಟರ್ ಇದ್ದಾಗ ಮೊಂಡು ಬಿಟ್, ಬಿಗಿ ಬೆಲ್ಟ್, ಒಣಗಿದ ಬೇರಿಂಗ್ ಎಲ್ಲವೂ ಮುಚ್ಚಿಹೋಗುತ್ತವೆ. ಇಲ್ಲಿ ಒಂದೊಂದೂ ಕಾಲಿಗೆ ತಿಳಿಯುತ್ತದೆ. ಹಾಗಾಗಿ ಭಾರ ಅನ್ನಿಸಿದ ಕೂಡಲೇ ಗಾಲಿ ದೊಡ್ಡದು ಮಾಡಿಸುವುದು, ಮೋಟರ್ ಕೂರಿಸುವುದು ಬೇಡ. ಇರುವ ಶಕ್ತಿ ಎಲ್ಲಿ ಸೋರುತ್ತಿದೆ ಎಂದು ಮೊದಲು ಹುಡುಕಬೇಕು.

ಕೈ ಹಾಕುವ ಮುಂಚೆ

ಕಾಲು ಎತ್ತಿದರೆ ಮಷೀನು ನಿಲ್ಲುವುದಿಲ್ಲ. ಭಾರದ ಗಾಲಿ ಇನ್ನೂ ತಿರುಗುತ್ತಲೇ ಇರುತ್ತದೆ. ಅದು ಪೂರ್ತಿ ನಿಂತ ಮೇಲೆ ಗಾಲಿಯ ಕಡ್ಡಿಗಳ ನಡುವೆ ಒಂದು ಕಟ್ಟಿಗೆ ತುಂಡು ಸಿಗಿಸಿ. ಆಮೇಲಷ್ಟೇ ಬೆಲ್ಟ್, ಬಿಟ್ ಮುಟ್ಟಿ. ಧೋತರದ ಚುಂಗು, ಲುಂಗಿ, ಸೆರಗು, ವೇಲ್, ಸಡಿಲ ತೋಳು ಇವು ಬಿಟ್‌ಗೂ ಬೆಲ್ಟ್‌ಗೂ ಸುತ್ತಿಕೊಳ್ಳುತ್ತವೆ, ಬಿಗಿಯಾಗಿ ಕಟ್ಟಿಕೊಳ್ಳಿ. ಕೊರೆಯುವಾಗ ಕೈಗವಸು ಹಾಕಬೇಡಿ. ಕಣ್ಣಿಗೆ ಕನ್ನಡಕ ಇರಲಿ. ಪೆಡಲ್ ಕೆಳಗೆ ಮಕ್ಕಳ ಬೆರಳು ಹೋಗದಂತೆ ಮೂರೂ ಕಡೆ ಹಲಗೆ ಬಡಿಯಿರಿ. ಇದನ್ನು ನಾಳೆಗೆ ಬಿಡಬೇಡಿ.

ಯಾವ ದೋಷವಾದರೂ ಮೊದಲು ಮಾಡುವ ಪರೀಕ್ಷೆ

ದುಡ್ಡು ಬೇಡ, ಪಾನಾ ಬೇಡ. ಬೆಲ್ಟ್ ಇಳಿಸಿ. ಗಾಲಿಯನ್ನು ಕೈಯಿಂದ ಜೋರಾಗಿ ತಿರುಗಿಸಿ ಬಿಡಿ. ನಿಲ್ಲುವ ಮುಂಚೆ ಅದು ಒಂದೆರಡು ಸಲ ಹಿಂದೆ ಮುಂದೆ ತೂಗಾಡಿದರೆ ಕೆಳಗಿನ ಭಾಗ ಹಗುರಾಗಿದೆ. ಇದ್ದಲ್ಲೇ ಗಪ್ಪನೆ ನಿಂತರೆ ಕೆಳಗೇ ತಡೆ ಇದೆ.

ಈಗ ಬೆಲ್ಟ್ ಏರಿಸಿ, ಬಿಟ್ ಇಲ್ಲದೆ ಹಾಗೆಯೇ ತಿರುಗಿಸಿ. ಸ್ವಲ್ಪ ಬೇಗ ನಿಲ್ಲುವುದು ಸಹಜ. ಬಹಳ ಬೇಗ ನಿಂತರೆ ದೋಷ ಬೆಲ್ಟ್‌ನಲ್ಲಿ ಅಥವಾ ಸ್ಪಿಂಡಲ್ ಬೇರಿಂಗ್‌ಗಳಲ್ಲಿ.

ಎರಡೂ ಚೆನ್ನಾಗಿದ್ದು ಕೊರೆಯುವಾಗ ಮಾತ್ರ ತೊಂದರೆ ಬಂದರೆ ಮಷೀನಿನ ತಪ್ಪಿಲ್ಲ. ಬಿಟ್ ನೋಡಿ, ಇಲ್ಲವೇ ಕಟ್ಟಿಗೆಯನ್ನು ಹಿಡಿಸಿದ ರೀತಿ ನೋಡಿ. ನನ್ನ ಅನುಭವದಲ್ಲಿ "ಮಷೀನು ಕೆಟ್ಟಿದೆ" ಎಂದು ಕರೆಸಿದಲ್ಲೆಲ್ಲ ಇದೇ ಜಾಸ್ತಿ.

ಮಷೀನು ಚೆನ್ನಾಗಿರುವಾಗಲೇ ಈ ಪರೀಕ್ಷೆ ಮಾಡಿ, ಎಷ್ಟು ಸೆಕೆಂಡ್ ತಿರುಗಿತು ಎಂದು ಮೊಬೈಲ್ ನೋಡಿ ಚೌಕಟ್ಟಿನ ಮೇಲೆ ಬರೆದಿಡಿ. ಮುಂದೆ ಅನುಮಾನ ಬಂದಾಗ ಹೋಲಿಸಲು ಅದಕ್ಕಿಂತ ಒಳ್ಳೆಯ ಅಳತೆ ಸಿಗುವುದಿಲ್ಲ.

ತುಳಿಯಲು ಭಾರ, ಬೇಗ ದಣಿವು

ಮೊದಲು ಎಣ್ಣೆ ನೋಡಿ. ಪೆಡಲಿನ ಕೀಲು, ಸರಳಿನ ಎರಡೂ ತುದಿ, ಕ್ರ್ಯಾಂಕ್ ಪಿನ್ ಇವಕ್ಕೆ ಎಣ್ಣೆ ಬಿದ್ದು ಎಷ್ಟು ದಿನವಾಯಿತು? ಬೆರಳಾಡಿಸಿ. ಕಂದು ಬಣ್ಣದ ಅಂಟು ಹತ್ತಿದರೆ ಅಲ್ಲಿ ಅಡುಗೆ ಎಣ್ಣೆ ಬಿದ್ದಿದೆ. ವಿಜಯಪುರ, ಬಾಗಲಕೋಟೆ ಕಡೆ ಮನೆಯಲ್ಲಿ ಕುಸುಬಿ ಎಣ್ಣೆ ಇದ್ದೇ ಇರುತ್ತದೆ, ಕೈಗೆ ಸಿಕ್ಕಿದ್ದನ್ನೇ ಬಿಡುತ್ತಾರೆ. ಕುಸುಬಿ ಎಣ್ಣೆ ಗಾಳಿಗೆ ಒಣಗಿ ಗೋಂದಾಗುವ ಜಾತಿಯದು. ಅದಕ್ಕೆ ಕಟ್ಟಿಗೆ ಹೊಟ್ಟು ಕೂಡಿದರೆ ಕೀಲು ಹಿಡಿದುಕೊಳ್ಳುತ್ತದೆ. ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆದು, ಹೊಲಿಗೆ ಮಷೀನಿನ ಎಣ್ಣೆ ಅಥವಾ 20ಡಬ್ಲ್ಯು-40 ಇಂಜಿನ್ ಎಣ್ಣೆ ಎರಡೇ ಹನಿ ಬಿಡಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಹೊಟ್ಟಿನ ಮೂಲೆಗೆ ಎಸೆಯಬೇಡಿ. ಒಣಗುವ ಎಣ್ಣೆ ಹೀರಿದ ಬಟ್ಟೆ ಒಳಗೊಳಗೇ ಕಾದು ಬೆಂಕಿ ಹತ್ತುವುದುಂಟು. ಹೊರಗೆ ಹರವಿ ಒಣಗಿಸಿ.

ಆಮೇಲೆ ಬೆಲ್ಟ್. ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿ ನೋಡಿ. 600 ಮಿ.ಮೀ. ಅಂತರ ಇದ್ದರೆ ಸುಮಾರು 10 ಮಿ.ಮೀ. ಒಳಗೆ ಹೋಗಬೇಕು. ತಂತಿಯಂತೆ ಬಿಗಿಯಾಗಿದ್ದರೆ ಆ ಎಳೆತವೆಲ್ಲ ಬೇರಿಂಗ್ ಮೇಲೆ ಬೀಳುತ್ತದೆ. ಬೆಲ್ಟ್ ಸೈಜ್ ಕೂಡ ಓದಿ. 75 ಮಿ.ಮೀ. ಪುಲ್ಲಿಗೆ ಎ ಸೈಜ್ ವಿ-ಬೆಲ್ಟ್, ಅಂದರೆ ಮೇಲ್ಭಾಗ 13 ಮಿ.ಮೀ. ಅಗಲದ್ದು, ಸರಿ. ಗಟ್ಟಿ ಇರಲಿ ಎಂದು ಬಿ ಸೈಜ್ ಹಾಕುವವರಿದ್ದಾರೆ. ಅದಕ್ಕೆ ಕನಿಷ್ಠ 125 ಮಿ.ಮೀ. ಪುಲ್ಲಿ ಬೇಕು. ಸಣ್ಣ ಪುಲ್ಲಿಯ ಸುತ್ತ ಆ ದಪ್ಪ ಬೆಲ್ಟನ್ನು ಬಗ್ಗಿಸುವುದಕ್ಕೇ ನಿಮ್ಮ ಶಕ್ತಿ ಹೋಗುತ್ತದೆ.

ಕೊನೆಗೆ ಬೇರಿಂಗ್. ಬೆಲ್ಟ್ ಇಳಿಸಿ ಸ್ಪಿಂಡಲನ್ನು ಬೆರಳಿನಿಂದ ನಿಧಾನಕ್ಕೆ ತಿರುಗಿಸಿ. ನುಣುಪಾಗಿ ತಿರುಗಿದರೆ ಒಳ್ಳೆಯದು. ಮರಳು ತುಂಬಿದಂತೆ ಕರಕರ ಎಂದರೆ ಬದಲಿಸಿ. 20 ಮಿ.ಮೀ. ಶಾಫ್ಟ್‌ಗೆ 6204 ನಂಬರಿನ ಬೇರಿಂಗ್ ಬರುತ್ತದೆ. ಕೊಳ್ಳುವಾಗ ಎರಡೂ ಬದಿ ರಬ್ಬರ್ ಸೀಲ್ ಇರುವ 2ಆರ್‌ಎಸ್ ಕೇಳಿ. ಬಾಯಿ ತೆರೆದ ಬೇರಿಂಗ್ ಕಟ್ಟಿಗೆ ಕೆಲಸಕ್ಕೆ ಬೇಡ, ಹೊಟ್ಟು ಒಳಗೆ ಸೇರಿ ಗ್ರೀಸನ್ನೆಲ್ಲ ಕುಡಿದುಬಿಡುತ್ತದೆ. ಹೊಸ ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸುವುದೂ ಬೇಡ.

ಚೌಕಟ್ಟು ಕಟ್ಟಿಗೆಯದಾಗಿದ್ದರೆ ಹವಾಮಾನವೂ ಒಂದು ಕಾರಣ. ಖಾನಾಪುರದ ಜುಲೈ ಮಳೆಯಲ್ಲಿ ಕಟ್ಟಿಗೆ ಉಬ್ಬಿ ಟೇಬಲ್ ಹಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಅದೇ ಮಷೀನು ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ಒಣಗಿ ಕೂಡುಗಳು ಸಡಿಲಾಗಿ ಗಡಗಡ ಅನ್ನುತ್ತದೆ. ಮಳೆಗಾಲದಲ್ಲಿ ಬಿಗಿ ಅನ್ನಿಸಿತೆಂದು ಹಳಿಯ ಮಗ್ಗುಲನ್ನು ಕೀಸಿದರೆ ಬೇಸಿಗೆಯಲ್ಲಿ ಟೇಬಲ್ ಅಲುಗಾಡುತ್ತದೆ. ಮೇಣ ತಿಕ್ಕಿ ಕಾಲ ಕಳೆಯಿರಿ. ಹಳಿಗೆ ಕಬ್ಬಿಣದ ಪಟ್ಟಿ ಅಥವಾ ಪೈಪ್ ಹಾಕಿಸಿದರೆ ಈ ತೊಂದರೆಯೇ ಇರುವುದಿಲ್ಲ.

ಶುರುವಿಗೆ ಕಾಲು ಸಿಕ್ಕಿಕೊಳ್ಳುತ್ತದೆ, ಗಾಲಿ ಉಲ್ಟಾ ಹೋಗುತ್ತದೆ

ಕ್ರ್ಯಾಂಕ್ ನೇರ ಮೇಲೆ ಅಥವಾ ನೇರ ಕೆಳಗೆ ನಿಂತಾಗ ಎಷ್ಟು ತುಳಿದರೂ ಗಾಲಿ ತಿರುಗುವುದಿಲ್ಲ. ಈ ಎರಡು ಜಾಗ ದಾಟಿಸುವುದೇ ಭಾರದ ಗಾಲಿಯ ಕೆಲಸ. ಗಾಲಿಗೆ ಕೈಯಿಂದ ಒಂದು ಚಾಲನೆ ಕೊಟ್ಟು ಆಮೇಲೆ ತುಳಿಯುವುದು ಸರಿಯಾದ ರೂಢಿ, ಅದು ದೋಷವಲ್ಲ.

ಓಡುತ್ತಿರುವಾಗಲೂ ಪ್ರತಿ ಸುತ್ತಿಗೆ ತಡೆದಂತಾದರೆ ಗಾಲಿ ಹಗುರ. ಅಲ್ಲಿ ಒಟ್ಟು ತೂಕಕ್ಕಿಂತ ತೂಕ ಎಲ್ಲಿದೆ ಎನ್ನುವುದು ಮುಖ್ಯ. ಅದೇ ತೂಕವನ್ನು ಎರಡು ಪಟ್ಟು ದೂರದ ಅಂಚಿಗೆ ಒಯ್ದರೆ ಗಾಲಿ ಹಿಡಿದಿಡುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ನಡುವೆ ದಪ್ಪ ಇರುವ ಗಾಲಿಗಿಂತ ಅಂಚು ದಪ್ಪ ಇರುವ ಗಾಲಿ ಹುಡುಕಿ. ಬೆಳಗಾವಿ ಫೌಂಡ್ರಿಗಳ ಊರು. ಉದ್ಯಮಬಾಗ ಕಡೆ ವಿಚಾರಿಸಿದರೆ ಬೀಡುಕಬ್ಬಿಣದ ಗಾಲಿ ಎರಕ ಹೊಯ್ಯಿಸುವ ದಾರಿ ಸಿಗುತ್ತದೆ.

ಸುಮ್ನೆ ಬಿಟ್ಟಾಗ ಪೆಡಲಿನ ಭಾರಕ್ಕೆ ಕ್ರ್ಯಾಂಕ್ ಯಾವಾಗಲೂ ಕೆಳಗೇ ಬಂದು ನಿಂತರೆ, ಗಾಲಿಯಲ್ಲಿ ಕ್ರ್ಯಾಂಕಿನ ಎದುರು ಬದಿಗೆ ಒಂದು ತೂಕ ಬೋಲ್ಟ್ ಮಾಡಿಸಿ. ಕ್ರ್ಯಾಂಕ್ ನೆತ್ತಿ ದಾಟಿ ಸ್ವಲ್ಪ ಮುಂದೆ ನಿಲ್ಲುವಂತಾದರೆ ಕೈ ಹಾಕದೆಯೇ ಚಾಲೂ ಮಾಡಬಹುದು. ಆ ತೂಕ ಸಡಿಲಾದರೆ ಹಾರಿ ಬಡಿಯುತ್ತದೆ. ಸ್ಪ್ರಿಂಗ್ ವಾಷರ್ ಬಿಡಬೇಡಿ.

ಉಲ್ಟಾ ತಿರುಗಿದಾಗ ಚೂರೂ ತುಳಿಯಬೇಡಿ. ಬಿಟ್ ಕೊರೆಯುವುದಿಲ್ಲ ಎನ್ನುವುದಷ್ಟೇ ಅಲ್ಲ, ಮರೆ (ಸ್ಕ್ರೂವಿನಂಥ ಸುತ್ತುಗೆರೆ) ಇರುವ ಸ್ಪಿಂಡಲ್ ಆದರೆ ಚಕ್ಕೇ ಬಿಚ್ಚಿಕೊಂಡು ಬೀಳಬಹುದು.

ಗಾಲಿ ಓಡುತ್ತದೆ, ಬಿಟ್ ನಿಲ್ಲುತ್ತದೆ

ಇಲ್ಲಿ ಊಹೆ ಮಾಡುತ್ತ ಕೂರಬೇಡಿ. ಸೀಮೆಸುಣ್ಣ ಸಾಕು. ಮಷೀನು ನಿಂತಿರುವಾಗ ಎರಡು ಗೆರೆ ಎಳೆಯಿರಿ. ಒಂದು ಬಿಟ್ ಕಾಂಡದಿಂದ ಚಕ್ ಮೇಲೆ ಹಾಯುವಂತೆ. ಇನ್ನೊಂದು ಸ್ಪಿಂಡಲ್‌ನಿಂದ ಪುಲ್ಲಿಯ ಮೇಲೆ ಹಾಯುವಂತೆ. ಕೊರೆದು, ಬಿಟ್ ನಿಂತ ಕೂಡಲೇ ಗೆರೆ ನೋಡಿ.

ಬಿಟ್ ಹತ್ತಿರದ ಗೆರೆ ಮುರಿದಿದ್ದರೆ ಚಕ್ ಜಾರುತ್ತಿದೆ. ಚಕ್ಕಿನ ಮೂರೂ ತೂತಿಗೆ ಚಾವಿ ಹಾಕಿ ಸರದಿಯಂತೆ ಬಿಗಿ ಮಾಡಿ. ಒಂದೇ ತೂತಿಗೆ ಬಿಗಿ ಮಾಡಿದರೆ ಪೂರ್ತಿ ಹಿಡಿತ ಬರುವುದಿಲ್ಲ. ಚಾವಿಯನ್ನು ಅದರಲ್ಲೇ ಮರೆಯಬೇಡಿ. ಹಳೆಯ ಕೈ ಬೈರಿಗೆಯ ಬಿಟ್‌ಗಳ ಬಾಲ ಚೌಕವಾಗಿ, ತುದಿಗೆ ಸಣ್ಣಗಾಗುತ್ತ ಹೋಗಿರುತ್ತದೆ. ಮೂರು ದವಡೆಯ ಚಕ್ ಅದನ್ನು ಹಿಡಿಯಲಾರದು. ದುಂಡು ಅಥವಾ ಆರು ಮೂಲೆಯ ಕಾಂಡವೇ ಬೇಕು.

ಪುಲ್ಲಿಯ ಗೆರೆ ಮುರಿದಿದ್ದರೆ ಪುಲ್ಲಿಯ ಒಳಸ್ಕ್ರೂ ಸಡಿಲಾಗಿದೆ. ಸ್ಕ್ರೂ ಕೂರುವ ಜಾಗದಲ್ಲಿ ಶಾಫ್ಟ್ ಮೇಲೆ ಅರದಿಂದ ಸಣ್ಣ ಚಪ್ಪಟೆ ಮಾಡಿ ಬಿಗಿ ಮಾಡಿ.

ಎರಡೂ ಗೆರೆ ಹಾಗೇ ಇದ್ದರೆ ಜಾರುತ್ತಿರುವುದು ಬೆಲ್ಟ್. ವಿ-ಬೆಲ್ಟ್‌ನ ಮಗ್ಗುಲು ಕನ್ನಡಿಯಂತೆ ಹೊಳೆಯುತ್ತಿದೆಯೇ? ಬೆಲ್ಟ್ ಪುಲ್ಲಿಯ ತಳ ಮುಟ್ಟಿದೆಯೇ? ಮಗ್ಗುಲಿನಿಂದ ಹಿಡಿಯಬೇಕಾದ ಬೆಲ್ಟ್ ತಳಕ್ಕೆ ಕೂತರೆ ಸವೆದು ಹೋಗಿದೆ ಎಂದರ್ಥ. ಬದಲಿಸಿ, ಎಣ್ಣೆ ಬಿದ್ದಿದ್ದರೆ ಸೋಪಿನ ನೀರಿನಿಂದ ಒರೆಸಿ ಒಣಗಿಸಿ. ರಾಳ, ಡಾಂಬರು ಹಚ್ಚಿ ಓಡಿಸುವುದು ಎರಡು ದಿನದ ಉಪಾಯ, ಹೊಟ್ಟು ಅಂಟಿ ಇನ್ನಷ್ಟು ಕೆಡುತ್ತದೆ. ಬೆಲ್ಟ್ ಹೊಸದಾಗಿಯೂ ಜಾರಿದರೆ ಸಣ್ಣ ಪುಲ್ಲಿಯನ್ನು ಅದು ಸಾಕಷ್ಟು ಸುತ್ತಿಕೊಂಡಿಲ್ಲ. ದೊಡ್ಡ ಗಾಲಿ ತೀರಾ ಹತ್ತಿರ ಇದ್ದಾಗ ಹೀಗಾಗುತ್ತದೆ. ಸಡಿಲ ಬದಿಯಲ್ಲಿ ಒತ್ತುವ ಸಣ್ಣ ಪುಲ್ಲಿ ಹಾಕಿಸಿ, ಇಲ್ಲವೇ ಸ್ಪಿಂಡಲನ್ನು ಗಾಲಿಯಿಂದ ಇನ್ನಷ್ಟು ದೂರ ಕೂರಿಸಿ.

ಏನೂ ಜಾರುತ್ತಿಲ್ಲ, ಬಿಟ್ ಜೊತೆಗೆ ಗಾಲಿಯೂ ನಿಲ್ಲುತ್ತದೆ ಅಂದರೆ ಬಿಟ್‌ನ ಮೂಗು ನೋಡಿ. ಮೂಗಿನಲ್ಲಿ ಮರೆ ಇರುವ ಬಿಟ್ ಕಟ್ಟಿಗೆಯೊಳಗೆ ತಾನೇ ಎಳೆದುಕೊಂಡು ಹೋಗುತ್ತದೆ. ಒಂದೊಂದು ಸುತ್ತಿಗೂ ಎಷ್ಟು ಮುಂದೆ ಹೋಗಬೇಕೆಂದು ನಿರ್ಧರಿಸುವುದು ಆ ಮರೆ, ನಿಮ್ಮ ಕೈಯಲ್ಲ. ಬೇವು, ಮಾವಿನಲ್ಲಿ ನಡೆದೀತು. ಜಾಲಿಯಲ್ಲಿ ಅಷ್ಟು ದಪ್ಪ ಸಿಪ್ಪೆ ಎತ್ತಲು ಕಾಲಿಗೆ ಶಕ್ತಿ ಸಾಲದು. ಬರೀ ಚೂಪು ಮೊನೆ ಇರುವ ಬಿಟ್ ಹಾಕಿ, ಇಲ್ಲವೇ ಮೂಗಿನ ಮರೆಯನ್ನು ಅರದಿಂದ ಉಜ್ಜಿ ತೆಗೆಯಿರಿ. ತುಳಿಯುವ ಮಷೀನಿಗೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಫಲ ಕೊಡುವ ಬದಲಾವಣೆ ನಾನು ಕಂಡಿಲ್ಲ.

ಹೊಗೆ, ಸುಟ್ಟ ವಾಸನೆ, ತೂತಿನ ಗೋಡೆ ಕಪ್ಪು

ಸಿಪ್ಪೆ ಕೈಯಲ್ಲಿ ತೆಗೆದುಕೊಳ್ಳಿ. ಚೆನ್ನಾಗಿರುವ ಬಿಟ್ ಸುರುಳಿ ಅಥವಾ ಚಕ್ಕೆ ಕೊಡುತ್ತದೆ. ಹಿಟ್ಟು ಬಂದರೆ ಬಿಟ್ ಮೊಂಡಾಗಿದೆ. ಸಾಗವಾನಿಯಲ್ಲಿ ಸಿಲಿಕಾ ಅಂಶ ಇರುವುದರಿಂದ ಬಿಟ್‌ನ ಅಂಚು ಬೇಗ ಹೋಗುತ್ತದೆ. ಸಾಣೆ ಹಿಡಿಯುವಾಗ ಎರಡು ನಿಯಮ. ಸುತ್ತಲಿನ ಮೊನೆಗಳನ್ನು ಒಳಬದಿಯಿಂದ ಮಾತ್ರ ಉಜ್ಜಬೇಕು. ಹೊರಗೆ ಉಜ್ಜಿದರೆ ತೂತು ಬಿಟ್‌ನ ಸುರುಳಿ ಮೈಗಿಂತ ಸಣ್ಣದಾಗಿ ಬಿಟ್ ಸಿಕ್ಕಿಕೊಳ್ಳುತ್ತದೆ. ಕೊರೆಯುವ ತುಟಿಯನ್ನು ಕಾಂಡದ ಕಡೆಯ ಮುಖದಲ್ಲಿ ಉಜ್ಜಬೇಕು, ಕಟ್ಟಿಗೆ ಮುಟ್ಟುವ ಮುಖದಲ್ಲಲ್ಲ.

ಬಿಟ್ ಹರಿತವಿದ್ದೂ ಹೊಗೆ ಬಂದರೆ ಸಿಪ್ಪೆ ಹೊರಗೆ ಬರುತ್ತಿಲ್ಲ. ಅಡ್ಡ ತೂತಿನಿಂದ ಸಿಪ್ಪೆ ತಾನೇ ಕೆಳಗೆ ಉದುರುವುದಿಲ್ಲ. ಎರಡು ಬೆರಳಗಲ ಕೊರೆದಾಗೊಮ್ಮೆ ಟೇಬಲ್ ಹಿಂದೆ ಎಳೆದು ಸಿಪ್ಪೆ ಹೊರಹಾಕಿ. ಕೈಯಿಂದಲ್ಲ, ಬ್ರಷ್‌ನಿಂದ.

ತೂತು ಬಿಟ್‌ಗಿಂತ ದೊಡ್ಡದಾಗುತ್ತದೆ

ಬಿಟ್‌ನ್ನು ಗಾಜಿನ ಮೇಲೆ ಉರುಳಿಸಿ, ಡೊಂಕಿದ್ದರೆ ಅದನ್ನು ಬಿಡಿ. ನೇರವಿದ್ದರೆ ಚಕ್ ಬಿಚ್ಚಿ ದವಡೆಗಳ ನಡುವಿನ ಹೊಟ್ಟು ಊದಿ, ಬಿಟ್ ಮತ್ತೆ ಹಿಡಿಸಿ. ಬಿಟ್ ಪಕ್ಕಕ್ಕೆ ಒಂದು ಮೊಳೆ ನಿಲ್ಲಿಸಿ ಕೈಯಿಂದ ಸುತ್ತಿಸಿ. ಸಂದು ಹೆಚ್ಚು ಕಡಿಮೆಯಾಗುತ್ತಿದ್ದರೆ ಚಕ್ಕನ್ನೇ ಹಿಡಿದು ಮೇಲೆ ಕೆಳಗೆ ಅಲುಗಾಡಿಸಿ. ಟಕಟಕ ಅಂದರೆ ಬೇರಿಂಗ್ ಸಡಿಲ. ಅಲುಗದೆ ಬರೀ ಓಲಾಡಿದರೆ ಸ್ಪಿಂಡಲ್ ಬಗ್ಗಿದೆ. ಸ್ಪಿಂಡಲನ್ನು ಸುತ್ತಿಗೆಯಿಂದ ನೇರ ಮಾಡಲು ಹೋಗಬೇಡಿ, ಲೇತ್ ಅಂಗಡಿಗೆ ಒಯ್ಯಿರಿ.

ತೂತು ಓರೆ ಬೀಳುತ್ತದೆ

ಇದು ಎಲ್ಲರನ್ನೂ ಕಾಡುವ ದೋಷ. ಓರೆ ಎರಡು ಬಗೆ, ಎರಡಕ್ಕೂ ಮದ್ದು ಬೇರೆ.

ತೂತು ನುಣುಪಾಗಿ, ಬಾಯಿ ಗುಂಡಗೆ ಇದ್ದು ದಿಕ್ಕು ಮಾತ್ರ ಓರೆಯಾಗಿದ್ದರೆ ಟೇಬಲ್ಲಿನ ಮೇಲ್ಮೈ ಅಥವಾ ಮಗ್ಗುಲಿನ ಆನಿಕೆ ಪಟ್ಟಿ ಹಳಿಗೆ ನೇರವಾಗಿಲ್ಲ. ತೂತಿನ ಬಾಯಿ ಒಂದು ಬದಿಗೆ ಹಿಗ್ಗಿ, ಬಿಟ್‌ನ ಕಾಂಡ ತಿಕ್ಕಿ ಹೊಳೆಯುತ್ತಿದ್ದರೆ ಹಳಿಗಳೇ ಸ್ಪಿಂಡಲ್‌ಗೆ ನೇರವಾಗಿಲ್ಲ.

ಮೊದಲನೆಯದಕ್ಕೆ ಪರೀಕ್ಷೆ: ಬಿಟ್‌ನ ತುದಿಗೂ ಟೇಬಲ್ ಹಲಗೆಗೂ ನಡುವೆ ಒಂದು ರಟ್ಟು ತೂರುವಷ್ಟು ಸಂದು ಇರುವಂತೆ ಹಲಗೆಯನ್ನು ಎತ್ತರಿಸಿ. ಟೇಬಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸಿ. ಸಂದು ಉದ್ದಕ್ಕೂ ಒಂದೇ ಇರಬೇಕು. ಬದಲಾದರೆ ಹಲಗೆಯ ಕೆಳಗೆ ತಗಡಿನ ತುಂಡು ಕೊಟ್ಟು ಸರಿ ಮಾಡಿ. ಆನಿಕೆ ಪಟ್ಟಿಗೂ ಇದೇ ರೀತಿ.

ಎರಡನೆಯದಕ್ಕೆ: ಚಕ್‌ನಲ್ಲಿ ಒಂದಡಿ ಉದ್ದದ ನೇರ ಉಕ್ಕಿನ ಸರಳು ಹಿಡಿಸಿ. ಟೇಬಲ್ ಮೇಲೆ ಮೊಳೆ ಬಡಿದ ಕಟ್ಟಿಗೆ ತುಂಡು ಇಟ್ಟು, ಮೊಳೆಯ ತುದಿ ಸರಳಿಗೆ ತಾಗುವಂತೆ ಮಾಡಿ. ಟೇಬಲ್ ಸರಿಸುತ್ತ ನೋಡಿ. ಸರಳನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ನೋಡಿ. ಎರಡೂ ಸಲ ಒಂದೇ ಕಡೆಗೆ ದೂರವಾದರೆ ಹಳಿ ಸರಿ ಮಾಡಬೇಕು. ಎರಡು ಸಲಕ್ಕೆ ಎರಡು ದಿಕ್ಕು ತೋರಿಸಿದರೆ ಅದು ಚಕ್ಕಿನ ಓಲಾಟ, ಹಳಿ ಮುಟ್ಟಬೇಡಿ. ಮೊಳೆಯನ್ನು ಮೇಲಿನಿಂದ ಒಮ್ಮೆ, ಮಗ್ಗುಲಿನಿಂದ ಒಮ್ಮೆ ತಾಗಿಸಿ ನೋಡಬೇಕು.

ಉದ್ದ ತುಂಡಿಗೆ ಎರಡೂ ತಲೆಯಿಂದ ಕೊರೆದು ನಡುವೆ ಕೂಡಿಸುವವರು ಒಂದು ವಿಷಯ ಗಮನಿಸಿ. ಅದೇ ಮುಖ ಕೆಳಗಿಟ್ಟು ತುಂಡನ್ನು ತಿರುಗಿಸಿ ಕೊರೆದಾಗ, ಟೇಬಲ್ ಇಳಿಜಾರಾಗಿದ್ದರೂ ಎರಡು ತೂತು ನಡುವೆ ಕೂಡಿಯೇ ಕೂಡುತ್ತವೆ. ಎರಡೂ ಒಂದೇ ಕಡೆಗೆ ಏರಿರುತ್ತವೆ ಅಷ್ಟೇ. ಕೂಡಿತು ಎಂದ ಮಾತ್ರಕ್ಕೆ ನೇರ ಇದೆ ಎಂದಲ್ಲ. ಮೇಲು ಮುಖವನ್ನು ಕೆಳಗೆ ಮಾಡಿ ಕೊರೆದಾಗಲೂ ಕೂಡಿದರೆ ಆಗ ನಂಬಬಹುದು.

ಎಲ್ಲ ಸರಿಯಿದ್ದೂ ಓರೆಯಾದರೆ ಎಳೆ ನೋಡಿ. ಗಂಟು ಅಥವಾ ತಿರುಚಿದ ಎಳೆ ಇದ್ದಲ್ಲಿ ತೆಳು ಬಿಟ್ ಮೆತ್ತನೆಯ ಕಡೆಗೆ ಜಾರುತ್ತದೆ. ನಿಧಾನಕ್ಕೆ ತಳ್ಳುವುದೇ ಮದ್ದು.

ಶಬ್ದ

ಬಡಿತ ಕಾಲಿನ ತಾಳಕ್ಕೆ ಕೂಡಿ ಬಂದರೆ ಪೆಡಲ್, ಸರಳು, ಕ್ರ್ಯಾಂಕ್ ಪಿನ್ನಿನ ಬುಷ್ ಸವೆದಿದೆ. ಅದಕ್ಕಿಂತ ಬಹಳ ವೇಗವಾಗಿ ಟಿಕ್ ಟಿಕ್ ಅಂದರೆ ಸ್ಪಿಂಡಲ್ ಕಡೆ ನೋಡಿ. ಎರಡಕ್ಕೂ ಕೂಡದ ಚಟ್ ಚಟ್ ಅಂದರೆ ಬೆಲ್ಟ್‌ನ ಜಾಯಿಂಟ್.

ತೂತಿನ ಆಚೆ ಬದಿ ಸೀಳುತ್ತದೆ

ಆಚೆ ಬದಿಗೆ ಒಂದು ಹಳೆ ಹಲಗೆ ಒತ್ತಿ ಕ್ಲ್ಯಾಂಪ್ ಹಾಕಿ. ತುದಿ ಹತ್ತಿರ ಬಂದಾಗ ತಳ್ಳುವ ಒತ್ತಡ ಕಡಿಮೆ ಮಾಡಿ. ತುಂಡನ್ನು ಕೈಯಲ್ಲೇ ಹಿಡಿದು ಕೊರೆಯಬೇಡಿ. ಬಿಟ್ ಹೊರಬರುವ ಕ್ಷಣದಲ್ಲಿ ಅದು ತುಂಡನ್ನು ಕಿತ್ತು ತಿರುಗಿಸುತ್ತದೆ.

ಇಲ್ಲಿಗೆ ನಿಲ್ಲಿಸಿ, ತಿಳಿದವರ ಹತ್ತಿರ ಹೋಗಿ

ಗಾಲಿಯಲ್ಲಿ ಬಿರುಕು ಕಂಡರೆ ಅಂದೇ ನಿಲ್ಲಿಸಿ. ಗಾಲಿಯನ್ನು ನೇತುಹಾಕಿ ಪಾನಾದಿಂದ ಮೆಲ್ಲಗೆ ತಟ್ಟಿ. ಗಂಟೆಯಂತೆ ಉಳಿಯುವ ನಾದ ಬರಬೇಕು. ಒಡಕು ದನಿ ಬಂದರೆ ಆ ಗಾಲಿ ಬೇಡ. ಬೀಡುಕಬ್ಬಿಣಕ್ಕೆ ಮಾಮೂಲಿ ವೆಲ್ಡಿಂಗ್ ಹಾಕಿಸಿ ಮತ್ತೆ ತುಳಿಯುವ ಸಾಹಸ ಮಾಡಬೇಡಿ.

ಬೇರಿಂಗ್‌ನ ಹೊರಬಳೆ ತನ್ನ ಮನೆಯಲ್ಲೇ ಸುತ್ತುತ್ತಿದ್ದರೆ ತಗಡು ತುರುಕಿ ಓಡಿಸಬಾರದು. ಮನೆ ಕೊರೆಸಿ ಬುಷ್ ಹಾಕಿಸಬೇಕು, ಅದು ಲೇತ್ ಕೆಲಸ.

ಮೋಟರ್ ಹಾಕಿಸುವ ಮನಸ್ಸಿದ್ದವರು ಗಾಲಿಯ ಶಾಫ್ಟ್‌ಗೆ ನೇರವಾಗಿ ಜೋಡಿಸಬೇಡಿ. 75 ಸುತ್ತಿನಲ್ಲಿ 600 ಮಿ.ಮೀ. ಗಾಲಿಯ ಅಂಚು ಸೆಕೆಂಡಿಗೆ ಎರಡೂವರೆ ಮೀಟರಿಗಿಂತ ಕಡಿಮೆ ಓಡುತ್ತದೆ. 1,440 ಸುತ್ತಿನ ಮೋಟರ್ ಅದನ್ನು 45 ಮೀಟರಿಗೆ ಒಯ್ಯುತ್ತದೆ. ಬೀಡುಕಬ್ಬಿಣದ ಗಾಲಿಗೆ 30 ಮೀಟರ್ ಎನ್ನುವುದೇ ರೂಢಿಯ ಮಿತಿ. ಅದು ಸಿಡಿದರೆ ಪಕ್ಕದಲ್ಲಿದ್ದವರು ಉಳಿಯುವುದಿಲ್ಲ. ಗಾಲಿ ಬಿಚ್ಚಿಟ್ಟು, ಮೋಟರಿನಿಂದ ಸ್ಪಿಂಡಲ್‌ಗೆ ವೇಗ ಇಳಿಸಿ ಬೆಲ್ಟ್ ಕೊಡಿಸಿ, ಮೇಲೆ ಜಾಲರಿ ಮುಚ್ಚಿಸಿ.

ಲೇತ್ ಅಂಗಡಿಗೆ ಹೋಗುವಾಗ ಸ್ಪಿಂಡಲ್ ಒಂದನ್ನೇ ಒಯ್ಯಬೇಡಿ. ಹಳೆಯ ಬೇರಿಂಗ್ ಎರಡೂ, ಪುಲ್ಲಿ, ಚಕ್ ಜೊತೆಗಿರಲಿ. ಅಳತೆಯನ್ನು ಅಲ್ಲೇ ಕೂಡಿಸಿ ನೋಡಿದರೆ ಎರಡನೇ ಸಲ ಹೋಗುವುದು ತಪ್ಪುತ್ತದೆ.